ನೆಲ ಒಡೆದ ಮೇಸ್ತ್ರಿ

ಹಗರಿಬೊಮ್ಮನಹಳ್ಳಿಯ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಸಣ್ಣ ಆಫೀಸಿದೆ. ಹೊರಗೆ ‘ಇಂಟೀರಿಯರ್ ಡಿಸೈನ್’ ಎಂದು ಬೋರ್ಡಿದೆ. ಬಂದವರಲ್ಲಿ ಅರ್ಧ ಜನ ಪಿವಿಸಿ ಸೀಲಿಂಗಿಗೆ ಚದರಡಿ ಎಷ್ಟು ಎಂದು ಕೇಳುತ್ತಾರೆ. ಉಳಿದರ್ಧ ಜನ ಗೋಡೆಗೆ ತೂಗುಹಾಕಿದ ಕೆಂಪು ಚೌಕಳಿ ಟವೆಲನ್ನು ನೋಡಿ, “ಯಾರೋ ಆಳು ಮರ್ತು ಬಿಟ್ಟು ಹೋಗ್ಯಾನ ನೋಡ್ರಿ ಮೇಡಂ” ಎಂದು ಎಚ್ಚರಿಸುತ್ತಾರೆ. ಯಾರೂ ಮರೆತದ್ದಲ್ಲ. ನನ್ನ ಕಸುಬಿನ ಮೊದಲ ಸಾಮಾನೇ ಅದು. ಟೇಪು, ಲ್ಯಾಪ್‌ಟಾಪು ಎಲ್ಲ ಆಮೇಲೆ. ಯಾರ ಮನೆಗೆ ಹೋದರೂ ಮೊದಲು ಆ ಟವೆಲನ್ನು ಕಣ್ಣಿಗೆ ಬಿಗಿದು ಮನೆಯೊಳಗೆ ಒಂದು ಸುತ್ತು ನಡೆಯುತ್ತೇನೆ. ಹಡಗಲಿಯ ಒಬ್ಬ ಸಾಹುಕಾರರು ಇದನ್ನು ಕಂಡು, ಈ ಹುಡುಗಿಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದು ಹೆದರಿ, ಕಾಫಿ ಕುಡಿಸಿ ವಾಪಸು ಕಳಿಸಿದರು. ಹೋಗಲಿ ಬಿಡಿ, ಕಾಫಿ ಚೆನ್ನಾಗಿತ್ತು.

ಇದನ್ನು ನನಗೆ ಕಲಿಸಿದವರು ತೀರಿಕೊಂಡು ತಿಂಗಳಾಯಿತು. ಹರಪನಹಳ್ಳಿ ತಾಲ್ಲೂಕಿನಲ್ಲಿ, ಉಚ್ಚಂಗಿದುರ್ಗದ ಗುಡ್ಡ ಕಾಣುವ ಒಂದು ಹಳ್ಳಿಯವರು. ಗಾರೆ ಕೆಲಸದ ಮೇಸ್ತ್ರಿ. ಹೆಸರು ಬರೆಯುವುದಿಲ್ಲ. ಒಮ್ಮೆ ಕೂಡ್ಲಿಗಿಯಲ್ಲಿ ಮನೆ ಮುಗಿಸಿಕೊಟ್ಟಾಗ ಆ ಯಜಮಾನರು ಖುಷಿಯಾಗಿ, ಬಾಗಿಲ ಮೇಲಿನ ಕಲ್ಲಿನಲ್ಲಿ ತಮ್ಮ ಹೆಸರಿನ ಕೆಳಗೆ ಇವರದನ್ನೂ ಕೆತ್ತಿಸಲು ಹೊರಟರಂತೆ. “ನಾನೇನು ಇಲ್ಲಿ ಇರಾಕ ಬರ್ತೀನಾ? ಇರೋರ ಹೆಸರು ಹಾಕ್ಕಳ್ರಿ” ಎಂದು ಮೇಸ್ತ್ರಿ ಜಗಳಕ್ಕೇ ನಿಂತರಂತೆ. ಅಂಥವರ ಹೆಸರನ್ನು ನಾನಿಲ್ಲಿ ಬರೆದರೆ ಮೇಲಿಂದಲೇ ಗಾರೆ ಮೆತ್ತುವ ಕರಣೆ ಬೀಸಿ ಒಗೆದಾರು.

ಒಣಕಲು ಆಳು. ಕಿವಿಯ ಮೇಲೆ ಅರ್ಧ ಸೇದಿದ ಬೀಡಿ, ತಲೆಗೆ ಟವೆಲು. ಗೋಡೆಯನ್ನು ಅಂಗೈಯಿಂದ ಮುಟ್ಟುತ್ತಿರಲಿಲ್ಲ, ಕೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದರು, ಮಗುವಿಗೆ ಜ್ವರ ಬಂದಿದೆಯೇ ಎಂದು ತಾಯಂದಿರು ನೋಡುವ ಹಾಗೆ. ಯಾಕೆ ಎಂದು ಕೇಳಿದ್ದಕ್ಕೆ, “ಅಂಗೈ ಜಡ್ಡುಗಟ್ಟೇತಿ ತಂಗಿ. ಹಿಂದಿನ ಚರ್ಮಕ್ಕ ಇನ್ನಾ ಬುದ್ಧಿ ಐತಿ” ಎಂದಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹೇಳಿದ ದಿನ ಬಂದವರಲ್ಲ. ಅಮಾವಾಸ್ಯೆಯಂದು ಕರಣೆ ಮುಟ್ಟುತ್ತಿರಲಿಲ್ಲ. ಅದು ಸರಿ, ನಮ್ಮ ಕಡೆ ಕೆಲಸದವರು ಯಾರೂ ಮುಟ್ಟುವುದಿಲ್ಲ. ಆದರೆ ಇವರಿಗೆ ಅಮಾವಾಸ್ಯೆಯ ಹಿಂದಿನ ದಿನವೂ ಮುಂದಿನ ದಿನವೂ ಅಮಾವಾಸ್ಯೆಯೇ ಆಗುತ್ತಿತ್ತು. ಬೈದು ಹೇಳಿ ಕಳಿಸಿದರೆ ಬಂದು ನಕ್ಕು, ಅವತ್ತು ಎರಡಾಳಿನ ಕೆಲಸ ಮಾಡಿ ಹೋಗುತ್ತಿದ್ದರು.

ಅಡುಗೆಕಟ್ಟೆ ಕಟ್ಟುವಾಗ ಅವರದೊಂದು ಕ್ರಮವಿತ್ತು. ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರೋ ಅವರನ್ನು ಕರೆದು ಗೋಡೆಯ ಪಕ್ಕ ನಿಲ್ಲಿಸಿ, ಗಾಳಿಯಲ್ಲೇ ರೊಟ್ಟಿ ಬಡಿಯಲು ಹೇಳುತ್ತಿದ್ದರು. ಹೆಣ್ಣುಮಕ್ಕಳು ಮೊದಲು ಸೆರಗು ಬಾಯಿಗಿಟ್ಟು ನಗುವುದು, ಆಮೇಲೆ ಮರೆತು ನಿಜವಾಗಿಯೇ ಬಡಿಯುವುದು. ಕೈ ಎಲ್ಲಿ ಬೀಳುತ್ತದೋ ಅಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ. ಕಟ್ಟೆಯ ಎತ್ತರ ಅಷ್ಟೇ. ಒಂದು ಮನೆಯಲ್ಲಿ ಗಂಡ ಎನ್ನುವವನು ನಕ್ಷೆ ಹಿಡಿದು ಬಂದು, “ಇಂಜಿನಿಯರ್ ಎರಡೂಮುಕ್ಕಾಲು ಅಡಿ ಅಂತ ಬರ್ದಾನಲ್ಲ ಮೇಸ್ತ್ರಿ” ಎಂದನಂತೆ. “ಹೌದ್ರಿ? ರೊಟ್ಟಿ ಬಡಿಯಾಕ ಇಂಜಿನಿಯರ್ ಬರ್ತಾನೇನ್ರಿ ದಿನಾ?” ಎಂದು ಇವರು ಕೇಳಿದರಂತೆ.

ಅವರು ನಮ್ಮ ಮನೆಗೆ ಬಂದಾಗ ನಾನು ಐದನೇ ತರಗತಿ. ನಮ್ಮದು ಕೊಟ್ಟೂರಿನ ಹಳೇ ಓಣಿಯಲ್ಲಿ ಮಣ್ಣಿನ ಮಾಳಿಗೆಯ ಮನೆ. ಎರಡು ತೊಲೆಗಳ ನಡುವಿನ ಜಾಗಕ್ಕೆ ಅಂಕಣ ಎನ್ನುತ್ತಾರೆ. ನಮ್ಮದು ಆರು ಅಂಕಣದ್ದು. ಬಾಗಿಲು ದಾಟಿದರೆ ಮೊದಲ ಎರಡು ಅಂಕಣ ತಗ್ಗಿನಲ್ಲಿ, ಎತ್ತು ಎಮ್ಮೆಗಳದ್ದು. ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ಸಗಣಿ ಸಾರಿಸಿದ ಪಡಸಾಲೆ. ಅದರಾಚೆ ಬಂಡೆ ಹಾಸಿದ ಅಡುಗೆಮನೆ, ಮೂಲೆಯಲ್ಲಿ ಬಚ್ಚಲು. ಆ ವರ್ಷ ನಡುವಿನ ತೊಲೆಗೆ ಗೆದ್ದಲು ಹತ್ತಿ, ರಾತ್ರಿ ಹಗಲು ಮಣ್ಣು ಉದುರತೊಡಗಿತು. ದನಗಳನ್ನು ಹಿತ್ತಲಿಗೆ ಕಳಿಸಿ ಮನೆಯನ್ನು ಹೊಸದು ಮಾಡುವುದೆಂದು ಅಪ್ಪ ನಿರ್ಧರಿಸಿದರು. ದಾವಣಗೆರೆಯ ಸೋದರಮಾವನ ಮನೆಯಲ್ಲಿ ಗಾಜಿನ ಶೋಕೇಸು ನೋಡಿಕೊಂಡು ಬಂದಾಗಿನಿಂದ ಅಪ್ಪನಿಗೆ ನಿದ್ದೆ ಹತ್ತಿರಲಿಲ್ಲ. ಅದರೊಳಗೆ ಇಡಲು ನಮ್ಮ ಮನೆಯಲ್ಲಿ ಏನೂ ಇರಲಿಲ್ಲ ಎಂಬುದು ಬೇರೆ ಮಾತು.

ಮೇಸ್ತ್ರಿ ಬಂದು ಕಟ್ಟೆಯ ಮೇಲೆ ಕೂತರು. ಅಪ್ಪ ಒಂದೊಂದೇ ಹೇಳುತ್ತಿದ್ದರು: ಗೋಡೆಯಲ್ಲಿರುವ ಈ ಗೂಡುಗಳನ್ನೆಲ್ಲ ಮುಚ್ಚಬೇಕು, ಇಲ್ಲಿ ಶೋಕೇಸು, ಅಲ್ಲಿ ಕಿಟಕಿ. ಅಷ್ಟರಲ್ಲಿ ತಲೆಬಾಗಿಲ ಕಡೆಯಿಂದ ನಮ್ಮ ಅಜ್ಜಿ ನೀರಿನ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಬಂದಳು. ಪಡಸಾಲೆ ದಾಟಿ, ಕಂಬ ಬಳಸಿ, ಅಡುಗೆಮನೆಗೆ ಹೋದಳು. ಮೇಸ್ತ್ರಿಯ ಬೀಡಿ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು.

“ಅಮ್ಮಗ ಕಣ್ಣು…?”

“ಕಾಣಂಗಿಲ್ಲ. ಎಂಟು ವರ್ಷ ಆತು” ಎಂದರು ಅಪ್ಪ.

“ಮತ್ತ ಬಿಂದಿಗಿ ತಗಂಡು ಹೋದ್ರಲ್ಲ!”

ಒಳಗಿನಿಂದ ಅಜ್ಜಿಯೇ ಉತ್ತರ ಕೊಟ್ಟಳು. “ನಾನು ಕುರುಡಿ ಕಣಪಾ. ಮನಿ ಕುರುಡಲ್ಲ.”

ಅಜ್ಜಿಯ ಬಗ್ಗೆ ಒಂದು ಮಾತು ಹೇಳಬೇಕು. ಕಣ್ಣು ಹೋದರೂ ಅವಳು ಯಾರ ಕೈಯನ್ನೂ ಹಿಡಿದು ನಡೆದವಳಲ್ಲ. ನಾವು ಮಕ್ಕಳು ಪ್ರೀತಿಯಿಂದ ಹಿಡಿಯಲು ಹೋದರೂ ಕೊಡವಿಬಿಡುತ್ತಿದ್ದಳು. “ಮನಿಯಾಗ ನನ್ನ ಕೈ ಹಿಡಿದು ನಡೆಸಿದ ದಿನ ನನ್ನ ಕಥಿ ಮುಗೀತು ಅಂತ ತಿಳೀರಿ” ಎನ್ನುತ್ತಿದ್ದಳು. ರೊಟ್ಟಿ ಬಡಿಯುತ್ತಿದ್ದಳು, ದೀಪ ಹಚ್ಚುತ್ತಿದ್ದಳು, ಎಮ್ಮೆಯ ಹತ್ತಿರ ಹೋಗಿ ಅದರ ಜೊತೆ ಜಗಳವನ್ನೂ ಆಡುತ್ತಿದ್ದಳು. ಆ ಮನೆಯೊಳಗೆ ಅವಳಿಗಿದ್ದ ರಾಜ್ಯಭಾರವೇ ಅದು.

ಎರಡು ದಿನ ಮೇಸ್ತ್ರಿ ಏನೂ ಮಾಡಲಿಲ್ಲ. ಕಟ್ಟೆಯ ಮೇಲೆ ಕೂತು ಅಜ್ಜಿ ಓಡಾಡುವುದನ್ನು ನೋಡಿದರು. ಅಪ್ಪನಿಗೆ ರೇಗಿತು. “ಕೆಲ್ಸ ಯಾವಾಗ ಸುರು ಮಾಡ್ತೀಯೋ ಮಾರಾಯಾ?” ಎಂದರೆ, “ಸುರು ಆಗೇತಲ್ರಿ ಯಜಮಾನ್ರೇ” ಎಂಬ ಉತ್ತರ. ಮೂರನೇ ದಿನ ತಲೆಯ ಟವೆಲು ಬಿಚ್ಚಿ ಕಣ್ಣಿಗೆ ಕಟ್ಟಿಕೊಂಡು ಮನೆಯೊಳಗೆ ಹೊರಟರು. ಹತ್ತು ಹೆಜ್ಜೆಗೇ ಧಡ್ ಎಂದು ಕಂಬಕ್ಕೆ ಹಣೆ ಬಡಿಯಿತು. ನಾನು ಬಿದ್ದೂ ಬಿದ್ದೂ ನಕ್ಕೆ.

“ಯಾರಲಾ ಅದು ನಮ್ಮ ಕಂಬಕ್ಕ ಹಾಯ್ದದ್ದು?” ಎಂದಳು ಅಜ್ಜಿ.

“ನಾನಮ್ಮ, ಮೇಸ್ತ್ರಿ. ನಿಮ್ಮಂಗ ನಡಿಯಾಕ ನೋಡಿದೆ.”

“ಹಂಗಲ್ಲಪಾ. ಎಡಗೈ ಗ್ವಾಡಿಗೆ ಹಚ್ಚು. ಗೂಡು ಎಣಿಸು. ಮೊದಲ್ನೇದು ಎಣ್ಣಿ ಜಿಡ್ಡು, ದೀಪದ್ದು. ಎರಡನೇದು ಬಾಚಣಿಕಿದು. ಮೂರನೇದಕ್ಕ ಗ್ವಾಡಿ ಬಿಡು. ಅಲ್ಲಿಂದ ಸೀದಾ ಬಾ, ಒಲಿ ಸಿಗತೈತಿ.”

ಇಡೀ ಮಧ್ಯಾಹ್ನ ಅಜ್ಜಿ ಒಳಗಿನಿಂದ ಹೇಳುವುದು, ಇವರು ಕಣ್ಣು ಕಟ್ಟಿಕೊಂಡು ತಡವರಿಸುವುದು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ಪುಕ್ಕಟೆ ನಾಟಕ ನೋಡಿದರು. ಸಂಜೆ ಟವೆಲು ಬಿಚ್ಚಿದಾಗ ಮೇಸ್ತ್ರಿಯ ಹಣೆಯಲ್ಲಿ ಎರಡು ಬುಗುಟು ಎದ್ದಿದ್ದವು. ಅಪ್ಪನಿಗೆ ಹೇಳಿದರು: “ಗೂಡು ಮುಚ್ಚಾದು ಬ್ಯಾಡ್ರಿ. ಕಂಬ ತಗಿಯಾದು ಬ್ಯಾಡ್ರಿ. ಅವು ಅಮ್ಮನ ಮೈಲುಗಲ್ಲು.” ಶೋಕೇಸು ಹೋಯಿತು. ಅಪ್ಪ ನಾಲ್ಕು ದಿನ ಮುಖ ಊದಿಸಿಕೊಂಡಿದ್ದರು.

ಹೀಗೆ ಬುದ್ಧಿವಂತಿಕೆಯಿಂದ ಕೆಲಸ ಹಿಡಿದವರೇ ಎಡವಟ್ಟು ಮಾಡಿದರು. ಅದೂ ತಾವು ಬಹಳ ಬಲ್ಲವರು ಎಂದುಕೊಂಡ ಕಡೆ.

ಮೇಸ್ತ್ರಿಗೆ ಒಂದು ಹೆಮ್ಮೆಯಿತ್ತು, ಕೆಂಪು ಗಾರೆ ನೆಲದ್ದು. ಟೈಲ್ಸ್ ಇನ್ನೂ ನಮ್ಮ ಕಡೆ ಸಾಹುಕಾರರ ಮಾತಾಗಿದ್ದ ಕಾಲ. ಇವರು ಹಾಕಿದ ಕೆಂಪು ನೆಲ ನೋಡಲು ಬೇರೆ ಊರಿನಿಂದ ಜನ ಬರುತ್ತಿದ್ದರು. ನಮ್ಮ ಮನೆಯ ತಗ್ಗು ತುಂಬಿಸಿ, ಮೆಟ್ಟಿಲು ಕಿತ್ತು, ಬಂಡೆ ಎಬ್ಬಿಸಿ, ಬಾಗಿಲಿಂದ ಬಚ್ಚಲಿನವರೆಗೆ ಒಂದೇ ಮಟ್ಟದ ನೆಲ ಮಾಡುತ್ತೇನೆ ಎಂದರು. “ಎಡವೋದು ಬ್ಯಾಡ ನೀವು” ಎಂದು ಅಜ್ಜಿಗೆ ಹೇಳಿದಾಗ ಅವಳು, “ನಾನು ಯಾವಾಗ ಎಡವೀನಪಾ?” ಎಂದಳು. ಅದನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ನೆಲದ ಗುಂಗಿನಲ್ಲಿದ್ದರು. ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಹಿಂದೆ ಹಿಂದೆ ಸರಿಯುತ್ತಾ ತಾವೊಬ್ಬರೇ ಗಾರೆ ತೀಡಿದರು, ಕಲ್ಲಿನಿಂದ ಉಜ್ಜಿದರು, ಕೊಬ್ಬರಿ ಎಣ್ಣೆ ಹಾಕಿ ಒರೆಸಿದರು. ಬಗ್ಗಿ ನೋಡಿದರೆ ನನ್ನ ಎರಡು ಜಡೆ, ಜಡೆಯ ರಿಬ್ಬನ್ನು ಕಾಣುತ್ತಿತ್ತು. ಅಷ್ಟು ಚಂದದ ನೆಲವನ್ನು ನಾನು ಅದಾದ ಮೇಲೆ ಎಲ್ಲೂ ನೋಡಿಲ್ಲ, ಸುಳ್ಳು ಯಾಕೆ ಹೇಳಲಿ.

ಕೆಲಸ ಮುಗಿಯುವವರೆಗೆ ಹಿತ್ತಲಿನ ಗುಡಿಸಲಿನಲ್ಲಿದ್ದ ನಾವು ವಾಪಸು ಒಳಗೆ ಬಂದ ದಿನ ಹೋಳಿಗೆ ಊಟ. ಜನವೆಲ್ಲ ಹೊರಗೆ ಮೇಸ್ತ್ರಿಯನ್ನು ಸುತ್ತುವರಿದು ಹೊಗಳುತ್ತಿದ್ದರು. ಒಳಗೆ ಅಜ್ಜಿ ತನ್ನ ಮೂಲೆಯಿಂದ ಎದ್ದಳು. ಎಡಗೈ ಗೋಡೆಗೆ ಹಚ್ಚಿ ಮೂರು ಗೂಡು ದಾಟಿದಳು, ಗೋಡೆ ಬಿಟ್ಟಳು. ನಾಲ್ಕು ಹೆಜ್ಜೆ ಹೋಗಿ ನಿಂತುಬಿಟ್ಟಳು. ಬಲಗಾಲನ್ನು ಆಚೆ ಈಚೆ ಜಾರಿಸಿ ನೋಡಿದಳು. ಎಡಗಾಲನ್ನೂ ಜಾರಿಸಿ ನೋಡಿದಳು.

“ಯವ್ವಾ, ನಾನು ಎಲ್ಲಿ ಅದೀನಿ?”

ಪಡಸಾಲೆಯ ನಟ್ಟನಡುವೆ ನಿಂತು ಅಜ್ಜಿ ಕೈ ಚಾಚಿದಳು. ಅವಳು ಹಾಗೆ ಕೈ ಚಾಚಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವ್ವ ಓಡಿಹೋಗಿ ಹಿಡಿದುಕೊಂಡಳು.

ಅವತ್ತಿನಿಂದ ಅಜ್ಜಿ ಮೂಲೆ ಬಿಟ್ಟು ಏಳಲಿಲ್ಲ. ಬಚ್ಚಲಿಗೆ ಹೋಗಬೇಕಾದರೆ ನನ್ನನ್ನು ಕರೆಯುತ್ತಿದ್ದಳು. ಮೊದಲೆರಡು ದಿನ ನನಗೆ ಭಾರೀ ಜಂಬ. ಅಜ್ಜಿಗೆ ನಾನೇ ದಾರಿ! ಮೂರನೇ ದಿನ ಅವಳು ನನ್ನ ಕೈಯನ್ನು ಎರಡೂ ಕೈಯಿಂದ ಅವುಚಿ ಹಿಡಿದಿರುವುದು ಗೊತ್ತಾಯಿತು. ಜಂಬ ಇಳಿದುಹೋಯಿತು. ರೊಟ್ಟಿ ಬಡಿಯುವುದನ್ನು ಬಿಟ್ಟಳು, ದೀಪ ಹಚ್ಚುವುದನ್ನು ಬಿಟ್ಟಳು. ಬಂದವರೆಲ್ಲ ನೆಲ ಹೊಗಳಿ ಹೋಗುತ್ತಿದ್ದರು. ನನಗೆ ಆ ನೆಲದ ಮೇಲೆ ಉಗುಳಬೇಕು ಎನಿಸುತ್ತಿತ್ತು.

ಹತ್ತು ಹನ್ನೆರಡು ದಿನವಾದ ಮೇಲೆ ಮೇಸ್ತ್ರಿ ಉಳಿದ ಹಲಗೆ ಒಯ್ಯಲು ಬಂದರು. ಹೊತ್ತೇರಿದರೂ ಅಜ್ಜಿ ಮೂಲೆಯಲ್ಲೇ ಕೂತದ್ದು ಕಂಡು, “ಯಾಕಮ್ಮ, ಮೈಯಾಗ ಹುಷಾರಿಲ್ಲೇನು?” ಎಂದರು.

“ಆರಾಮ ಅದೀನಪಾ. ನೆಲ ಭಾಳ ಚಂದ ಐತಂತ. ಎಲ್ಲಾರೂ ಅಂತಾರ” ಎಂದಳು ಅಜ್ಜಿ. ಅಂಗೈಯಿಂದ ನೆಲ ಸವರಿ, “ನನಗ ಮನಿ ಸಿಗವಲ್ದು” ಎಂದಳು. ಅದರಲ್ಲಿ ದೂರು ಇರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತೋ ಏನೋ. ಮೇಸ್ತ್ರಿ ಹಲಗೆ ಅಲ್ಲೇ ಬಿಟ್ಟು ಹೊರಟುಹೋದರು.

ಮರುದಿನ ಬೆಳಿಗ್ಗೆ ನಾವು ಚಹಾ ಕುಡಿಯುತ್ತಿದ್ದೇವೆ, ಒಳಗೆ ಟಣ್ ಟಣ್ ಎಂದು ಸದ್ದು. ಹೋಗಿ ನೋಡಿದರೆ ಮೇಸ್ತ್ರಿ ಉಳಿ ಸುತ್ತಿಗೆ ಹಿಡಿದು ಆ ಕನ್ನಡಿಯಂಥ ನೆಲವನ್ನು ಒಡೆಯುತ್ತಿದ್ದಾರೆ! ಅಪ್ಪ ಹೌಹಾರಿ ಓಡಿಬಂದು ಕೈ ಹಿಡಿದರು. “ಲೇ, ತಲಿಗಿಲಿ ಕೆಟ್ಟೈತೇನು ನಿನಗ?”

“ಬಿಡ್ರಿ ಯಜಮಾನ್ರೇ. ತಪ್ಪು ನಂದು.” ಅವರ ಕಣ್ಣು ಕೆಂಪಾಗಿದ್ದವು, ರಾತ್ರಿ ಮಲಗಿದ ಹಾಗೆ ಕಾಣಲಿಲ್ಲ. “ಕಣ್ಣು ಕಟ್ಟಿಕ್ಯಂಡು ನಡದ್ನಲ್ಲ, ಕೈಲಿ ಮುಟ್ಟಿದ್ದಷ್ಟೇ ನನಗ ತಿಳೀತು. ಸುಣ್ಣ ಸಿಮೆಂಟಿನಾಗ ನಿಂತು ನಿಂತು ನನ್ನ ಅಂಗಾಲು ಸತ್ತು ಹೋಗ್ಯಾವು. ಅಮ್ಮ ಕಾಲಿಲೆ ನೋಡ್ತಿದ್ರು. ಸಗಣಿ ನೆಲ ಮುಗೀತು, ಬಂಡೆಗಲ್ಲು ಬಂತು, ಮೆಟ್ಲು ಬಂತು ಅಂತ ಅವರ ಕಾಲಿಗೆ ಗೊತ್ತಾಗ್ತಿತ್ತು. ನಾನು ಎಲ್ಲಾ ಒರೆಸಿ ಹಾಕಿಬಿಟ್ಟೆ. ನನ್ನ ನೆಲ ಅಂತ ಹಾಕಿದೆ. ಅಮ್ಮನ ನೆಲ ಅದು.”

ಅಪ್ಪ ಕೈ ಬಿಟ್ಟರು. ಅವ್ವ ಒಳಗಿಂದ ಅವರಿಗೊಂದು ಚಹಾ ತಂದಿಟ್ಟಳು, ಅದು ಅಲ್ಲೇ ಆರಿತು.

ಮೂರನೇ ಗೂಡಿನಿಂದ ಪಡಸಾಲೆಯ ನಡುವೆ ಹಾದು ಅಡುಗೆಮನೆಗೆ, ಅಲ್ಲಿಂದ ಬಚ್ಚಲಿಗೆ, ಇನ್ನೊಂದು ಕವಲು ತಲೆಬಾಗಿಲಿಗೆ. ಎರಡು ಗೇಣು ಅಗಲ ಒಡೆದು ಒರಟು ಕಲ್ಲು ಕೂಡಿಸಿದರು. ತಲೆಬಾಗಿಲ ಹತ್ತಿರ, ಕಿತ್ತು ಹಿತ್ತಲಿಗೆ ಒಗೆದಿದ್ದ ಹಳೇ ಮೆಟ್ಟಿಲ ಕಲ್ಲನ್ನೇ ತಂದು ನೆಲದ ಮಟ್ಟಕ್ಕೆ ಹೂತರು. ಅಡುಗೆಮನೆಯ ತಿರುವಿನಲ್ಲಿ ಮಾತ್ರ ಒಂದು ಮೊಳ ಖಾಲಿ ಬಿಟ್ಟು ಮಾಯವಾದರು. ಅಮಾವಾಸ್ಯೆ ಹತ್ತಿರದಲ್ಲಿರಲಿಲ್ಲ. ಐದನೇ ದಿನ ಬಂದರು, ಹೆಗಲ ಮೇಲೊಂದು ಚೀಲ. ಅದರೊಳಗೆ ಕೋಳಿಮೊಟ್ಟೆಯಷ್ಟು ದಪ್ಪದ ನುಣುಪುಗಲ್ಲು. ಅವನ್ನು ಒತ್ತೊತ್ತಾಗಿ ಕೂಡಿಸಿ, ಗಾರೆ ಬಿಗಿಯಲು ಎರಡು ದಿನ ಬಿಟ್ಟು, “ನಡೀರಿ ಅಮ್ಮ” ಎಂದರು.

ಅಜ್ಜಿ ಎದ್ದಳು. ನಾನು ಅಭ್ಯಾಸಬಲದಿಂದ ಕೈ ಹಿಡಿದುಕೊಂಡೆ. ಗೋಡೆ ಬಿಟ್ಟು ಮೊದಲ ಒರಟು ಕಲ್ಲಿನ ಮೇಲೆ ಕಾಲಿಟ್ಟಳು. ನಿಂತಳು. ಇನ್ನೊಂದು ಹೆಜ್ಜೆ ಇಟ್ಟಳು.

“ಕೈ ಬಿಡಲೇ ಹುಡುಗಿ” ಎಂದಳು.

ಬಿಟ್ಟೆ. ಅಜ್ಜಿ ನಡೆದಳು. ತಿರುವಿನ ನುಣುಪುಗಲ್ಲು ಕಾಲಿಗೆ ಸಿಕ್ಕಾಗ ಹೆಬ್ಬೆರಳಿನಿಂದ ಸವರಿ, “ಇವು ಎಲ್ಲಿ ಕಲ್ಲಪಾ?” ಎಂದು ಕೇಳಿದಳು.

“ಮಾಗಳದ ಹೊಳಿ ಕಲ್ಲಮ್ಮ. ನಿಮ್ಮ ತವರು ಅದೇ ಅಲ್ಲೇನು?”

“ತವರಿನ ಕಲ್ಲು ತಂದು ತುಳಸ್ತೀಯಲ್ಲೋ ಮಾರಾಯಾ!” ಎಂದು ಅಜ್ಜಿ ನಕ್ಕಳು. ನಗುತ್ತಲೇ ಅಡುಗೆಮನೆಗೆ ಹೋಗಿ ಬಿಂದಿಗೆಯಿಂದ ನೀರು ಬಗ್ಗಿಸಿ, ಚೊಂಬು ಹಿಡಿದು, ಬಂದ ದಾರಿಯಲ್ಲೇ ವಾಪಸು ಬಂದು ಮೇಸ್ತ್ರಿಯ ಕೈಗೆ ಕೊಟ್ಟಳು. ಒಂದು ಹನಿ ಚೆಲ್ಲಲಿಲ್ಲ. ಮೇಸ್ತ್ರಿ ಆ ನೀರು ಕುಡಿಯದೆ ಬಹಳ ಹೊತ್ತು ಚೊಂಬು ಹಿಡಿದುಕೊಂಡೇ ನಿಂತಿದ್ದರು. ಮುಂದೆ ಒಂಬತ್ತು ವರ್ಷ ಅಜ್ಜಿ ಆ ದಾರಿಯಲ್ಲಿ ಓಡಾಡಿದಳು. ತೀರಿಕೊಂಡ ದಿನದ ಬೆಳಿಗ್ಗೆ ಕೂಡ ತಾನೇ ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಿದ್ದಳು.

ಪಿಯುಸಿ ಮುಗಿದಾಗ ನಾನು ಇಂಟೀರಿಯರ್ ಡಿಸೈನ್ ಓದುತ್ತೇನೆ ಎಂದೆ. ಅಪ್ಪನಿಗೆ ಅದೇನೆಂದು ತಿಳಿಯಲಿಲ್ಲ. ತಿಳಿಸಿ ಹೇಳಿದ ಮೇಲೆ, “ಹಂಗಂದ್ರ ಗಾರಿ ಕೆಲ್ಸ ಅಲ್ಲೇನು? ನರ್ಸಿಂಗ್ ಮಾಡು ಸುಮ್ನ” ಎಂದರು. ಅಪ್ಪ ಮೇಸ್ತ್ರಿಯನ್ನೇ ಕರೆಸಿದರು, ಅವರಾದರೂ ನನಗೆ ಬುದ್ಧಿ ಹೇಳಲಿ ಎಂದು. ಅವರು ನನ್ನನ್ನು ಎದುರು ನಿಲ್ಲಿಸಿಕೊಂಡು, “ಕಣ್ಣು ಮುಚ್ಚು ತಂಗಿ. ನೀನು ಟ್ಯೂಷನ್ನಿಗೆ ಹೋಗ್ತೀಯಲ್ಲ, ಆ ಮೇಷ್ಟ್ರ ಮನಿಯಾಗ ನೀರಿನ ಕೊಡ ಎಲ್ಲೈತಿ?” ಎಂದರು. ಬಾಗಿಲಿಂದ ಹನ್ನೊಂದು ಹೆಜ್ಜೆ, ಬಲಕ್ಕೆ, ಕಿಟಕಿಯ ಕೆಳಗೆ ಎಂದೆ. “ಅದನ್ನ ಯಾರು ಎತ್ತುತಾರ?” ಮೇಷ್ಟ್ರ ಹೆಂಡತಿ, ಕಿಟಕಿ ಬಾಗಿಲು ತೆರೆದಿದ್ದರೆ ಪ್ರತಿಸಲ ಅವರ ತಲೆಗೆ ಬಡಿಯುತ್ತದೆ ಎಂದೆ. ಮೇಸ್ತ್ರಿ ಅಪ್ಪನ ಕಡೆ ತಿರುಗಿ, “ಕಳಿಸ್ರಿ” ಎಂದರು. ಅಷ್ಟೇ. ಚಹಾ ಕುಡಿದು ಹೋದರು. ನಾನು ಹುಬ್ಬಳ್ಳಿಗೆ ಓದಲು ಹೋದೆ.

ಹೋದ ವರ್ಷದ ಮಾತು. ಈಗ ಕೊಟ್ಟೂರಿನ ಮನೆಯಲ್ಲಿ ಅಪ್ಪ ಅವ್ವನ ಜೊತೆ ನನ್ನ ತಮ್ಮ, ಅವನ ಹೆಂಡತಿ, ಅಂಬೆಗಾಲಿಡುವ ಅವರ ಮಗಳು. ನಾನು ಹೋದಾಗ ತಮ್ಮನ ಹೆಂಡತಿ ಕೂಸನ್ನು ಎತ್ತಿ ತೋರಿಸಿದಳು. “ಅಕ್ಕಾ, ಇದರ ಮಣಕಾಲು ನೋಡ್ರಿ.” ಎರಡೂ ಮಂಡಿ ತರಚಿ ಕೆಂಪಾಗಿದ್ದವು. ಅಜ್ಜಿಯ ಒರಟು ಕಲ್ಲಿನ ದಾರಿ ಪಡಸಾಲೆಯ ನಡುವೆಯೇ ಹಾದಿತ್ತಲ್ಲ, ಕೂಸು ಆಚೆಯಿಂದ ಈಚೆ ಬರಬೇಕಾದರೆ ಅದನ್ನು ದಾಟಲೇಬೇಕು. ತಮ್ಮ ಹೇಳಿದ: “ಆ ಕಲ್ಲು ತಗದು ನುಣ್ಣಗ ಮಾಡಿಸಿಬಿಡೋಣು ಅಕ್ಕ.”

ನನಗೆ ಬೆಂಕಿ ಬಿದ್ದಂತಾಯಿತು. ಅಜ್ಜಿಯ ದಾರಿ ಮುಟ್ಟಿದರೆ ಈ ಮನೆಗೆ ಕಾಲಿಡುವುದಿಲ್ಲ ಎಂದು ಕೂಗಾಡಿದೆ. ಆ ಹುಡುಗಿ ಪಾಪ, ಕೂಸಿನ ಮಂಡಿಗೆ ಎಣ್ಣೆ ಹಚ್ಚುತ್ತಾ ಕೂತಳು. ನಾನು ಆಫೀಸಿಗೆ ಬಂದು ಒಂದು ವಾರ ಕೂತು ಚಿತ್ರ ಬರೆದೆ. ಆ ಕಲ್ಲಿನ ದಾರಿಯ ಮೇಲೆ ದಪ್ಪ ಗಾಜು, ಗಾಜಿನ ಕೆಳಗೆ ಸಣ್ಣ ದೀಪಗಳ ಸಾಲು. ಕೂಸಿನ ಮಂಡಿಯೂ ಉಳಿಯಿತು, ಅಜ್ಜಿಯೂ ಉಳಿದಳು. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ. ಮೇಸ್ತ್ರಿಗೆ ತೋರಿಸಬೇಕೆಂದು ಕಾರಿನಲ್ಲಿ ಅವರ ಹಳ್ಳಿಗೇ ಹೋಗಿ ಕರೆದುಕೊಂಡು ಬಂದೆ. ಅವರು ಆಗಲೇ ಬಹಳ ಸೊರಗಿದ್ದರು. ದಾರಿಯುದ್ದಕ್ಕೂ ಕೆಮ್ಮು.

ಮನೆಗೆ ಬಂದು ನನ್ನ ಚಿತ್ರವನ್ನು ಉದ್ದಕ್ಕೆ ಹಿಡಿದು ನೋಡಿದರು. “ಗಾಜು” ಎಂದರು.

“ಹೌದು ಮಾಮ. ಕೆಳಗ ಲೈಟು.”

“ಇದರ ಮ್ಯಾಲೆ ಯಾರು ನಡೀತಾರ?”

ಅವರು ಚಿತ್ರ ಮಡಚಿ ನನ್ನ ಕೈಗಿಟ್ಟರು. ಆಮೇಲೆ ಕಂಬ ಹಿಡಿದುಕೊಂಡು ನಿಧಾನ ಕೆಳಗೆ ಕೂತರು. ಕೂತವರು ಎರಡೂ ಕೈ ನೆಲಕ್ಕೂರಿ ಮಂಡಿಯ ಮೇಲೆ ಹೊರಟರು. ಎಪ್ಪತ್ತು ದಾಟಿದ ಮುದುಕ, ಕೂಸಿನ ಹಾಗೆ ಅಂಬೆಗಾಲಿಡುತ್ತಾ ಪಡಸಾಲೆಯಲ್ಲಿ! ತಮ್ಮನ ಮಗಳು ಕೇಕೆ ಹಾಕಿ ಅವರ ಪಕ್ಕದಲ್ಲೇ ಹೊರಟಳು. ಕಲ್ಲಿನ ದಾರಿ ದಾಟುವಾಗ ಮೇಸ್ತ್ರಿ ‘ಹಾ’ ಎಂದು ಮುಖ ಕಿವುಚಿದರು. ಅಡುಗೆಮನೆಯ ಮೋಟುಗೋಡೆಯ ಹತ್ತಿರ ಹೋಗಿ, ಮಂಡಿಯ ಮೇಲೇ ಇದ್ದು, ತಲೆಯೆತ್ತಿ ನೋಡಿದರು. ಒಳಗೆ ತಮ್ಮನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು.

“ತಂಗೀ, ಇಲ್ಲಿಂದ ನೋಡಿದ್ರ ಕೂಸಿಗೆ ಅದರ ಅವ್ವ ಕಾಣಂಗಿಲ್ಲ ನೋಡು. ರೊಟ್ಟಿ ಸಪ್ಪಳ ಕೇಳ್ತೈತಿ, ಅವ್ವ ಕಾಣವಲ್ಲಳು. ಅಳತೈತಿ ಅಲ್ಲೇನವ್ವ ಈ ಹೊತ್ತಿಗೆ ದಿನಾ?”

“ದಿನಾ ಅಳತೈತ್ರಿ!” ಎಂದಳು ತಮ್ಮನ ಹೆಂಡತಿ ಒಳಗಿನಿಂದ.

“ಈ ಗ್ವಾಡಿಗೆ ಕೂಸಿನ ಎತ್ತರಕ್ಕ ಆಚೀಚೆ ಕಾಣೋಹಂಗ ಆರುಪಾರು ಒಂದು ಗೂಡು ಹೊಡಿ. ನೆಲ ನುಣ್ಣಗ ಮಾಡು. ಕಲ್ಲು ತಗದು ಹಾಕು.”

“ಮಾಮ, ಅದು ಅಜ್ಜಿದು. ನೀವೇ ಹಾಕಿದ್ದು” ಎನ್ನುವಷ್ಟರಲ್ಲಿ ಅತ್ತುಬಿಟ್ಟೆ, ಎಲ್ಲರ ಮುಂದೆ.

ಅವರು ನೆಲದ ಮೇಲೇ ಕೂತು ನನ್ನನ್ನು ನೋಡಿದರು. ಬೈಯಲಿಲ್ಲ. “ಅಮ್ಮ ಇದ್ರು, ಅಮ್ಮಗ ಬೇಕಾಗಿತ್ತು, ಹಾಕಿದೆ. ಈಗ ಇದು ಐತಿ ಮನಿಯಾಗ” ಎಂದು ಕೂಸಿನ ತಲೆ ಸವರಿದರು, ಕೈಯ ಹಿಂಬದಿಯಿಂದ. “ಅಳೋದಿದ್ರ ಅಳು ತಂಗಿ. ಆದ್ರ ತಗಿ.” ಅಪ್ಪನಿಂದ ಉಳಿ ಸುತ್ತಿಗೆ ತರಿಸಿ ತಾವೇ ಮೊದಲ ಕಲ್ಲು ಎಬ್ಬಿಸಿದರು. ನಾಲ್ಕು ಏಟಿಗೆ ಏದುಸಿರು ಬಂತು. ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು. ಮಾಗಳದ ಕಲ್ಲುಗಳನ್ನು ನಾನೇ ಎಬ್ಬಿಸಿದೆ. ಹೋಗುವಾಗ ಕಾರಿನಲ್ಲಿ ಮೇಸ್ತ್ರಿ ತಲೆಯ ಟವೆಲು ಬಿಚ್ಚಿ ನನ್ನ ಮಡಿಲಿಗೆ ಹಾಕಿ, “ಮಾರಿ ಒರೆಸ್ಕ” ಎಂದರು. ವಾಪಸು ಕೇಳಲಿಲ್ಲ. ಆಫೀಸಿನ ಗೋಡೆಯ ಮೇಲಿರುವುದು ಅದೇ. ಅದಕ್ಕೆ ಮೊದಲು ಇದ್ದದ್ದು ನಾನು ಸಂತೆಯಲ್ಲಿ ಕೊಂಡದ್ದು.

ಅವರ ಮಣ್ಣು ಮುಗಿಸಿಕೊಂಡು ಬರುವಾಗ ಆಫೀಸಿಗೆ ಹೋಗಲು ಮನಸ್ಸಾಗದೆ ಕೊಟ್ಟೂರಿಗೆ ಹೋದೆ. ಮಧ್ಯಾಹ್ನ. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ನೆಲ ಈ ತುದಿಯಿಂದ ಆ ತುದಿಯವರೆಗೆ ನುಣ್ಣಗೆ. ಅಜ್ಜಿಯ ಮೂಲೆಯಲ್ಲಿ ನಿಂತು ಕಣ್ಣು ಮುಚ್ಚಿದೆ. ಎಡಗೈ ಗೋಡೆಗೆ ಹಚ್ಚಿ ಒಂದು, ಎರಡು, ಮೂರು ಗೂಡು ದಾಟಿ ಗೋಡೆ ಬಿಟ್ಟೆ. ನಾಲ್ಕು ಹೆಜ್ಜೆ ಹೋಗಿ ನಿಂತೆ. ಕಾಲಿಗೆ ಏನೂ ಸಿಗಲಿಲ್ಲ. ಮೇಸ್ತ್ರಿ ಇಲ್ಲ, ಅಜ್ಜಿ ಇಲ್ಲ, ಕಲ್ಲಿಲ್ಲ. ನನಗೇ ಗೊತ್ತಿಲ್ಲದೆ ಕೈ ಚಾಚಿದೆ.

ಒಂದು ಪುಟ್ಟ ಕೈ ಬಂದು ನನ್ನ ಬೆರಳು ಹಿಡಿದುಕೊಂಡಿತು. ಎಲ್ಲಿತ್ತೋ, ಯಾವಾಗ ಬಂತೋ. ಕೂಸಿಗೀಗ ನಡಿಗೆ ಬಂದಿದೆ. “ಅತ್ತೀ, ಬಾ” ಎಂದು ಎಳೆಯಿತು. ಕಣ್ಣು ಬಿಡದೆ ಅದರ ಹಿಂದೆ ಹೋದೆ. ಸ್ವಲ್ಪ ದೂರ ಹೋಗಿ ಅದು ನಿಂತಿತು. ನನ್ನ ಸೊಂಟಕ್ಕಿಂತ ಕೆಳಗೆ ಅದರ ದನಿ ಕೇಳಿತು, “ಅವ್ವಾ!” ಮೇಸ್ತ್ರಿ ಹೇಳಿ ಹೊಡೆಸಿದ ಗೂಡಿನಾಚೆಯಿಂದ ರೊಟ್ಟಿಯ ಸಪ್ಪಳ ಒಂದು ಕ್ಷಣ ನಿಂತಿತು. “ಓ” ಎಂದಳು ಅದರ ಅವ್ವ. ಕಣ್ಣು ಮುಚ್ಚಿಯೇ ಇತ್ತು, ಆದರೆ ನಾನು ಎಲ್ಲಿದ್ದೇನೆಂದು ನನಗೆ ಗೊತ್ತಾಯಿತು.